ಸಾಯ್‌ರುಂಗ್ ಏನು ತಿನ್ನುತ್ತಿದ್ದಳು

ಖಮ್ಮೂನ್ ಅಮ್ಮ ಬ್ಯಾಂಕಾಕಿಗೆ ಬಂದದ್ದು ಒಂದೇ ಸಲ. ಮಗಳು ಸಾಯ್‌ರುಂಗ್ ಸತ್ತು ಅಂದಿಗೆ ತೊಂಬತ್ತೆಂಟು ದಿನವಾಗಿತ್ತು. ನೂರನೆಯ ದಿನದ ದಾನಕ್ಕೆ ಎರಡೇ ದಿನ ಉಳಿದಿತ್ತು.

ಬೆಳಗಿನ ಆರು ಗಂಟೆಗೆ ಮೋಚಿತ್ ಬಸ್ ನಿಲ್ದಾಣದಲ್ಲಿ ನಾನು ಅವರನ್ನು ಎದುರುಗೊಂಡೆ. ಅವರೂ ನಾನೂ ಈಶಾನ್ಯದ ರೊಯೆಟ್ ಜಿಲ್ಲೆಯ ಒಂದೇ ಹಳ್ಳಿಯವರು. ನಮ್ಮ ಮನೆತನದಲ್ಲಿ ಪದವಿ ಓದಿದವನು ನಾನೇ ಮೊದಲು. ಈಗ ಬ್ಯಾಂಕಾಕಿನ ತೊನ್‌ಬುರಿ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದೇನೆ. ಓದುತ್ತಿದ್ದ ನಾಲ್ಕು ವರ್ಷ ನನಗೆ ಸಂಜೆಯ ಊಟ ಹಾಕಿದವಳು ಸಾಯ್‌ರುಂಗ್ ಅಕ್ಕ. ರೈಲು ಹಳಿಯ ಪಕ್ಕದ ಓಣಿಯಲ್ಲಿ ಅವಳು ಪಪ್ಪಾಯಿಕಾಯಿ ಕುಟ್ಟಿ ಮಾರುತ್ತಿದ್ದಳು. ಎಳೆಯ ಪಪ್ಪಾಯಿಯನ್ನು ತುರಿದು, ಮಣ್ಣಿನ ಒರಳಿಗೆ ಹಾಕಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಬೆಲ್ಲ, ನಿಂಬೆರಸ, ಮೀನಿನ ರಸದ ಜೊತೆ ಮರದ ಒನಕೆಯಿಂದ ಕುಟ್ಟಿ ಕೊಡುವ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು. ಅದೇ ಓಣಿಯ ಒಂದು ಮಹಡಿ ಕೋಣೆಯಲ್ಲಿ ನಾನು ಇಂದಿಗೂ ಬಾಡಿಗೆಗಿದ್ದೇನೆ.

ಅಮ್ಮನ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಹುದುಗಿಸಿದ ಮೀನಿನ ಭರಣಿ. ಬಾಯಿಗೆ ಪ್ಲಾಸ್ಟಿಕ್ ಸುತ್ತಿ ಮೂರು ರಬ್ಬರ್ ಬ್ಯಾಂಡ್ ಬಿಗಿದಿದ್ದರೂ ವಾಸನೆ ಹೊರಗೆ ಬಂದಿತ್ತು. ವರ್ಷಕ್ಕೊಮ್ಮೆ ಯಾರದಾದರೂ ಕೈಯಲ್ಲಿ ಮಗಳ ಅಂಗಡಿಗೆ ಅಂಥದೊಂದು ಭರಣಿ ಕಳಿಸುವುದು ಅವರ ವಾಡಿಕೆ. ಈ ಸಲ ಯಾಕೆ ತಂದಿರಿ ಎಂದು ಕೇಳಿಬಿಟ್ಟೆ. ಅಮ್ಮ ಭರಣಿಯನ್ನು ಆಗ ತಾನೆ ಕಂಡವರ ಹಾಗೆ ನೋಡಿ ಎದೆಗೆ ಅವಚಿಕೊಂಡರು. ಕೇಳಬಾರದಿತ್ತು.

ಅವರು ಬಂದ ಕಾರಣ ಇದು. ನೂರನೆಯ ದಿನ ಭಿಕ್ಷುಗಳಿಗೆ ಸತ್ತವರ ಇಷ್ಟದ ಅಡುಗೆಯನ್ನು ನೀಡಬೇಕು. ಭಿಕ್ಷುಗಳು ಉಂಡದ್ದು ಸತ್ತವರಿಗೆ ಮುಟ್ಟುತ್ತದೆ. ಏಳನೆಯ ದಿನ ಮತ್ತು ಐವತ್ತನೆಯ ದಿನ ಅಮ್ಮ ಕಳಲೆ ಸಾರು ಮಾಡಿ ನೀಡಿದ್ದರು. ಸಾಯ್‌ರುಂಗ್ ಚಿಕ್ಕಂದಿನಲ್ಲಿ ಅದಕ್ಕಾಗಿ ಹಟ ಮಾಡಿ ಅಳುತ್ತಿದ್ದಳಂತೆ. ಐವತ್ತನೆಯ ದಿನ ಕಳೆದ ಮೇಲೆ ಅವರಿಗೆ ಕನಸು ಬೀಳತೊಡಗಿತು. ಮಗಳು ಬಂದು ಚಾಪೆಯ ಮೇಲೆ ಕೂರುತ್ತಾಳೆ. ಕೈ ತೊಳೆಯುತ್ತಾಳೆ. ಬಿದಿರು ಬುಟ್ಟಿಯಿಂದ ಅಂಟನ್ನ ಮುರಿದು ಉಂಡೆ ಮಾಡಿ ಬೆರಳಲ್ಲಿ ಹಿಡಿದುಕೊಳ್ಳುತ್ತಾಳೆ. ಮುಂದಿಟ್ಟ ಬಟ್ಟಲುಗಳನ್ನು ಒಂದೊಂದಾಗಿ ನೋಡುತ್ತಾಳೆ, ಯಾವುದಕ್ಕೂ ಅದ್ದುವುದಿಲ್ಲ. ಉಂಡೆಯನ್ನು ಹಾಗೇ ಬುಟ್ಟಿಗೆ ಹಾಕಿ ಎದ್ದುಹೋಗುತ್ತಾಳೆ. ಮೂರು ಸಲ ಅದೇ ಕನಸು.

ಊರಿನ ಹಿರಿಯ ಭಿಕ್ಷು, ಕನಸು ನಮ್ಮ ಮನಸ್ಸಿನದು, ಶುದ್ಧ ಮನಸ್ಸಿನಿಂದ ಏನು ಕೊಟ್ಟರೂ ಸಲ್ಲುತ್ತದೆ ಎಂದು ಹೇಳಿದರಂತೆ. ಅಮ್ಮನಿಗೆ ಸಮಾಧಾನವಾಗಲಿಲ್ಲ. ಮಗಳು ಮನೆ ಬಿಟ್ಟದ್ದು ಹದಿನಾರಕ್ಕೆ, ಸತ್ತದ್ದು ನಲವತ್ತೊಂದಕ್ಕೆ. ಹದಿನಾರರ ನಾಲಿಗೆ ಅಲ್ಲಿಯವರೆಗೂ ಹಾಗೇ ಇರುತ್ತದೆಯೇ?

"ಅವಳು ಅಲ್ಲಿ ಹಸ್ಕೊಂಡಿದಾಳೆ ಕಣಪ್ಪ," ಎಂದು ಫೋನಿನಲ್ಲಿ ಹೇಳಿದರು. "ಅವಳಿಗೆ ಏನು ಸೇರ್ತಿತ್ತು ಅಂತ ಹೇಳು. ಕಲ್ತು ಮಾಡ್ತೀನಿ. ನೀನು ದಿನಾ ನೋಡಿದವನಲ್ವ."

ದಿನಾ ನೋಡಿದವನು ನಿಜ. ಆದರೆ ಅವಳು ಉಣ್ಣುವುದನ್ನು ನೋಡಿದ್ದೇನೆಯೇ ಎಂದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಅವಳು ಕುಟ್ಟುವುದು ನೆನಪಿದೆ, ನನ್ನ ತಟ್ಟೆಗೆ ಬಡಿಸುವುದು ನೆನಪಿದೆ. ಓಣಿಯವರಿಗೆ ಗೊತ್ತಿರುತ್ತದೆ, ನೀವೇ ಬನ್ನಿ ಎಂದೆ.

ಇಪ್ಪತ್ತೈದು ವರ್ಷದಲ್ಲಿ ಅಮ್ಮ ಒಮ್ಮೆಯೂ ಬರದಿದ್ದಕ್ಕೆ ಕಾರಣಗಳಿದ್ದವು. ಮೊದಲು ಗದ್ದೆ. ಆಮೇಲೆ ಗಂಡ ಪಾರ್ಶ್ವವಾಯು ಬಡಿದು ಹನ್ನೊಂದು ವರ್ಷ ಹಾಸಿಗೆ ಹಿಡಿದ. ಅವನ ಪಕ್ಕದಲ್ಲೇ ಮಗ್ಗ ಹಾಕಿಕೊಂಡು ಜೊಂಡಿನ ಚಾಪೆ ನೇಯುತ್ತ, ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುತ್ತ ಅಷ್ಟು ವರ್ಷ ಕಳೆದರು. ಅವನು ಹೋದ ಮೇಲೆ ಹೋಗದಿರುವುದೇ ರೂಢಿಯಾಗಿತ್ತು. ಮಗಳೇ ಏಪ್ರಿಲ್ ತಿಂಗಳ ಹೊಸವರ್ಷಕ್ಕೆ ನಾಲ್ಕು ದಿನ ಊರಿಗೆ ಬರುತ್ತಿದ್ದಳು. ಬಂದವಳು ಸೊಂಟಕ್ಕೆ ಬಟ್ಟೆ ಬಿಗಿದು ಮನೆಮಂದಿಗೆಲ್ಲ ಅಡುಗೆ ಮಾಡಿ ಬಡಿಸುತ್ತಿದ್ದಳು. ಬಡಿಸುವವಳು ಯಾವಾಗ ಉಂಡಳು ಎಂದು ಯಾರು ನೋಡುತ್ತಾರೆ?

ನನ್ನ ಕೋಣೆಯಲ್ಲಿ ಅಮ್ಮ ಮಲಗಲಿಲ್ಲ. ಮುಖ ತೊಳೆದು, ಓಣಿ ತೋರಿಸು ಎಂದರು. ಕರೆದುಕೊಂಡು ಇಳಿದೆ. ಬೆಳಗಿನಲ್ಲಿ ನಮ್ಮ ಓಣಿಯಲ್ಲಿ ಏನೂ ಇರುವುದಿಲ್ಲ. ಮಡಿಸಿಟ್ಟ ಮೇಜುಗಳು, ಸರಪಣಿ ಹಾಕಿದ ತಳ್ಳುಗಾಡಿಗಳು, ಎಣ್ಣೆಯ ಜಿಡ್ಡು ಹಿಡಿದ ನೆಲ, ಒಂದೆರಡು ಬೆಕ್ಕು. ಅಮ್ಮ ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಇಷ್ಟೇನಾ? ಇಲ್ಲಿ ಒಲೆನೇ ಇಲ್ವಲ್ಲಪ್ಪ."

ಮೂರು ಗಂಟೆಗೆ ಮತ್ತೆ ಇಳಿದಾಗ ಅವರು ನನ್ನ ತೋಳು ಹಿಡಿದುಕೊಂಡರು. ಒಲೆಗಳು ಹತ್ತಿದ್ದವು. ಚಿಪ್ಪಿಮೀನಿನ ದೋಸೆ ಹೊಯ್ಯುವವನ ಕಾವಲಿಯಿಂದ ಹೊಗೆ ಎದ್ದು ಛಾವಣಿಯ ತಗಡಿಗೆ ಬಡಿಯುತ್ತಿತ್ತು. ಯಾರೋ ಒಣಮೆಣಸಿನಕಾಯಿ ಹುರಿದ ಘಾಟಿಗೆ ಅರ್ಧ ಓಣಿ ಸೀನುತ್ತಿತ್ತು. ಹಂದಿಕಾಲಿನ ಸಾರು, ತೆಂಗಿನಹಾಲಿನಲ್ಲಿ ಬೆಂದ ಕುಂಬಳ, ಹಳದಿ ಮಾವಿನ ಹೋಳಿನ ಪಕ್ಕ ಬಿಳಿ ಅಂಟನ್ನ, ಗಾಜಿನ ಪೆಟ್ಟಿಗೆಯಲ್ಲಿ ನೇತುಹಾಕಿದ ಬಾತುಕೋಳಿ. ರೈಲು ಬಂದರೆ ಹಳಿಯ ಕಡೆಯ ಮೇಜುಗಳ ಬಟ್ಟಲುಗಳೆಲ್ಲ ಅಲುಗುತ್ತವೆ. ಉಣ್ಣುವವರು ಒಂದು ಕೈಯಲ್ಲಿ ಬಟ್ಟಲು ಹಿಡಿದುಕೊಂಡು ಮಾತು ಮುಂದುವರಿಸುತ್ತಾರೆ. ಅಮ್ಮ ಪ್ರತಿಯೊಂದು ಪಾತ್ರೆಯ ಮುಂದೆಯೂ ನಿಂತರು. ನೀನೇನಾ ನನ್ನ ಮಗಳ ಹೊಟ್ಟೆ ತುಂಬಿಸಿದ್ದು ಎಂದು ಒಂದೊಂದನ್ನೂ ಕೇಳುವ ಹಾಗಿತ್ತು ಆ ನೋಟ.

ನೂಡಲ್ಸ್ ಅಂಗಡಿಯ ಸಂಗುವಾನ್ ಮಾವನಿಗೆ ವಿಷಯ ಹೇಳಿದೆ. ಕುದಿಯುವ ಸಾರಿನ ಹಿಂದಿನಿಂದ ಅವರು ಕೈ ಒರೆಸಿಕೊಂಡು ಬಂದು ಅಮ್ಮನಿಗೆ ಕೈ ಮುಗಿದರು.

"ಎಲ್ಲೂ ಹುಡುಕ್ಬೇಡಿ ಅಮ್ಮಾ, ನನ್ನ ನೂಡಲ್ಸೇ. ದಿನಾ ನಾಲ್ಕು ಗಂಟೆಗೆ ಒಂದು ಬಟ್ಟಲು. ಮಾವ, ಲಿವರ್ ಹಾಕ್ಬೇಡಿ ಅಂತಿದ್ಲು."

ಎದುರುಗಡೆ ಅನ್ನ ಪಲ್ಯ ಮಾರುವ ಪ್ರಯೂನ್ ಅಕ್ಕನ ಅಂಗಡಿ. ಆಕೆಯ ಬಾಯಿಗೆ ಓಣಿಯೇ ಹೆದರುತ್ತದೆ. ಅಲ್ಲಿಂದಲೇ ಹೇಳಿದಳು, "ಆ ಬಟ್ಟಲು ರೈಲ್ವೆ ಗೇಟಿನ ಮುದುಕನಿಗೆ ಹೋಗ್ತಿತ್ತು ಕಣಯ್ಯ. ಬಾಯಲ್ಲಿ ಹಲ್ಲಿಲ್ಲ ಅಂತ ಲಿವರ್ ಬೇಡ ಅಂದಿದ್ದು. ಇಪ್ಪತ್ತು ವರ್ಷ ನೀನು ಬಟ್ಟಲು ಕೊಟ್ಟೆ, ಒಂದಿನ ಕತ್ತೆತ್ತಿ ಅದು ಎಲ್ಲಿಗೆ ಹೋಗುತ್ತೆ ಅಂತ ನೋಡ್ಲಿಲ್ವಲ್ಲ."

ಸಂಗುವಾನ್ ಮಾವ ಒಲೆಯ ಹಿಂದೆ ಹೋಗಿ ಸೌಟು ಹಿಡಿದುಕೊಂಡರು. ಅಮ್ಮ ಅವರ ಸಾರನ್ನು ಒಂದು ಚಮಚ ಕೇಳಿ ಪಡೆದು, ಎಡ ಅಂಗೈಯ ಗುಳಿಗೆ ಹನಿಸಿ ನೆಕ್ಕಿ ನೋಡಿದರು. ಲವಂಗವಿದೆ, ಚಕ್ರಮೊಗ್ಗು ಇದೆ ಎಂದು ತಮಗೆ ತಾವೇ ಹೇಳಿಕೊಂಡು ಮುಂದೆ ನಡೆದರು.

ಹಾಗೇ ಒಂದೊಂದು ಅಂಗಡಿಗೂ ಹೋದೆವು. ಮಾವಿನಹಣ್ಣು ಮತ್ತು ಅಂಟನ್ನದವಳು, ವಾರಕ್ಕೊಮ್ಮೆ ತಪ್ಪದೆ ಒಯ್ಯುತ್ತಿದ್ದಳು ಎಂದಳು. ಕೇಳುತ್ತ ಹೋದರೆ ಅದು ಹೂವಿನವಳ ಮಗುವಿಗೆ. ಚಿಪ್ಪಿಮೀನಿನ ದೋಸೆಯವನು ತನ್ನದೇ ಇಷ್ಟ ಎಂದು ಆಣೆ ಹಾಕಿದ; ಅದು ಗುಡಿಸುವ ಹೆಂಗಸಿನ ಪಾಲು. ನೀರುಳ್ಳಿ ಸೊಪ್ಪಿನ ಕಡುಬು ಮಾಡುವ ಚೀನೀ ಅಜ್ಜಿಗೆ ಕಿವಿ ಮಂದ. ಮೂರು ಸಲ ಕೂಗಿ ಹೇಳಿದ ಮೇಲೆ, ಹೌದು ಹೌದು, ವಾರಕ್ಕೆರಡು ದಿನ ನಾಲ್ಕು ನಾಲ್ಕು ಕಡುಬು ಎಂದು ಬೆರಳು ತೋರಿಸಿದಳು. ಅಮ್ಮನ ಮುಖ ಅರಳಿತು. ಅಜ್ಜಿ ನನ್ನ ಕಡೆ ತಿರುಗಿ, "ಓದೋ ಹುಡುಗ ಹಸ್ಕೊಂಡಿರ್ತಾನೆ ಅಂತಿದ್ಲು. ನಿನಗೇ ತಾನೆ ಅದು?" ಎಂದಳು.

ನನಗೇ. ವಾರಕ್ಕೆರಡು ದಿನ, ನಾಲ್ಕು ಕಡುಬು. ನಾಲ್ಕನ್ನೂ ನಾನೇ ತಿನ್ನುತ್ತಿದ್ದೆ. ಒಂದನ್ನು ಅವಳಿಗೆ ಇಟ್ಟ ನೆನಪಿಲ್ಲ. ಅಮ್ಮ ನನ್ನ ತೋಳು ಬಿಡಲಿಲ್ಲ.

ಕೊನೆಗೆ ಪ್ರಯೂನ್ ಅಕ್ಕನ ಅಂಗಡಿಗೆ ಬಂದೆವು. ಆಕೆ ಹದಿನಾಲ್ಕು ಪಾತ್ರೆಗಳ ಮುಚ್ಚಳ ತೆಗೆದಿಟ್ಟು, ನೋಡಿ ಅಮ್ಮಾ, ಬೇಕಾದ್ದು ರುಚಿ ನೋಡಿ ಎಂದಳು. ಅಮ್ಮ ಹಸಿರು ಮೆಣಸಿನ ಸಾರನ್ನು ಚಮಚದಲ್ಲಿ ತೆಗೆದು, ಅಂಗೈ ಗುಳಿಗೆ ಹನಿಸಿಕೊಂಡು, ಕಣ್ಣು ಕಿರಿದು ಮಾಡಿ ನೆಕ್ಕಿದರು. ಆಮೇಲೆ ಅಂಗೈಯನ್ನು ಸೊಂಟದ ಬಟ್ಟೆಗೆ ಒರೆಸಿ ಮುಂದಿನ ಪಾತ್ರೆಗೆ ಹೋದರು. ಮೂರನೆಯ ಪಾತ್ರೆಗೆ ಬರುವ ಹೊತ್ತಿಗೆ ಪ್ರಯೂನ್ ಅಕ್ಕನ ಕೈಯಲ್ಲಿದ್ದ ಮುಚ್ಚಳ ಕೆಳಗಿಳಿದಿತ್ತು. ಗಿರಾಕಿಯೊಬ್ಬ ಎರಡು ಪೊಟ್ಟಣ ಕೇಳಿದ. ಆಕೆಗೆ ಕೇಳಿಸಲಿಲ್ಲ.

"ಹೀಗೇ," ಎಂದಳು. "ಅವಳೂ ಹೀಗೇ ಅಂಗೈಗೆ ಹಾಕ್ಕೊಂಡು ನೆಕ್ತಿದ್ಲು. ಒಂದೊಂದು ಒರಳಿಗೂ. ಒಬ್ಬರಿಗೆ ಸಿಹಿ ಜಾಸ್ತಿ, ಒಬ್ಬರಿಗೆ ಹುಳಿ, ಒಬ್ಬರಿಗೆ ಹತ್ತು ಮೆಣಸಿನಕಾಯಿ. ತಪ್ಪಬಾರದು ಅಂತ ಎಲ್ಲಾನೂ ನೋಡೋಳು. ಮೂರು ಗಂಟೆಗೆ ನಿಂತ್ರೆ ಅಂಗಡಿ ಎತ್ತೋವರೆಗೆ ಕೂರ್ತಿರ್ಲಿಲ್ಲ. ಅದೇ ಅವಳ ಊಟ ಅಮ್ಮಾ. ಬಾರೇ, ಒಂದು ತುತ್ತು ಅನ್ನ ತಿನ್ನು ಅಂದ್ರೆ, ನೆಕ್ಕಿ ನೆಕ್ಕಿನೇ ಹೊಟ್ಟೆ ತುಂಬೋಯ್ತು ಅಕ್ಕ ಅನ್ನೋಳು."

ಅಮ್ಮ ಚಮಚ ಕೆಳಗಿಟ್ಟರು. "ಅಷ್ಟು ರುಚೀಲಿ ಅವಳ ರುಚಿ ಯಾವುದು?"

"ಯಾರು ಕೇಳಿದ್ರು ಅಮ್ಮಾ." ಪ್ರಯೂನ್ ಅಕ್ಕ ಯಾವ ಕಡೆಯೂ ನೋಡಲಿಲ್ಲ. "ಅಪರೂಪಕ್ಕೆ ತಟ್ಟೆ ಹಿಡ್ಕೊಂಡು ಬಂದ್ರೆ ಯಾವುದು ಹಾಕ್ಲೇ ಅಂತಿದ್ದೆ. ಯಾವುದು ಉಳಿದಿದ್ಯೋ ಅದನ್ನೇ ಹಾಕಿ ಅಂತಿದ್ಲು. ನಾನೂ ಉಳಿದದ್ದನ್ನೇ ಹಾಕಿದೆ."

ಸಾಯ್‌ರುಂಗ್ ಕೊನೆಯ ಎರಡು ವರ್ಷ ಹೊಟ್ಟೆ ಉರಿ ಎಂದು ಔಷಧಿ ಅಂಗಡಿಯ ಬಿಳಿ ಪುಡಿ ನೀರಿಗೆ ಹಾಕಿ ಕುಡಿಯುತ್ತಿದ್ದಳು. ಒಂದು ಮಧ್ಯಾಹ್ನ ಒರಳಿನ ಪಕ್ಕದಲ್ಲೇ ರಕ್ತ ಕಾರಿದಳು. ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದು ತೀರಿಕೊಂಡಳು; ದೇಹವನ್ನು ಊರಿಗೆ ಒಯ್ದೆವು. ಬರಿಹೊಟ್ಟೆಗೆ ಅಷ್ಟು ವರ್ಷದ ಖಾರ ಎಂಬ ಮಾತನ್ನು ಈಗ ಪ್ರಯೂನ್ ಅಕ್ಕನ ಅಂಗಡಿಯ ಮುಂದೆ ಯಾರೂ ಆಡಲಿಲ್ಲ. ಆಡುವ ಅಗತ್ಯವಿರಲಿಲ್ಲ.

ಅವಳ ಜಾಗ ಕಾಡುಬಾದಾಮಿ ಮರದ ಕೆಳಗೆ. ನೂರು ದಿನ ಕಳೆಯುವವರೆಗೆ ಅಲ್ಲಿ ಯಾರೂ ಗಾಡಿ ನಿಲ್ಲಿಸಬಾರದೆಂದು ಓಣಿಯವರು ತಾವಾಗಿಯೇ ಬಿಟ್ಟಿದ್ದರು. ಒರಳನ್ನು ಬೋರಲು ಹಾಕಿ, ಮೇಲೆ ಒನಕೆ ಅಡ್ಡ ಇಟ್ಟಿದ್ದರು. ಅಮ್ಮ ಅದರ ಪಕ್ಕ ಒಂದು ಬಾಟಲಿ ಪೆಟ್ಟಿಗೆಯ ಮೇಲೆ ಕೂತರು.

"ಊಟ ಆಯ್ತಾ ಅಂತ ಕೇಳ್ತಿದ್ದೆ ಕಣಪ್ಪ. ದಿನಾ ಫೋನಲ್ಲಿ ಮೊದಲು ಅದೇ ಕೇಳ್ತಿದ್ದೆ. ಆಯ್ತಮ್ಮ ಅಂತಿದ್ಲು. ಆಯ್ತು ಅಂದ್ಲಲ್ಲ ಅಂತ ನೆಮ್ಮದಿಯಾಗಿ ಮಳೆ, ಎಮ್ಮೆ, ಅವರಪ್ಪನ ವಿಷಯ ಹೇಳ್ತಿದ್ದೆ." ಒರಳಿನ ಬೆನ್ನು ಸವರಿದರು. "ಏನು ಉಂಡೆ ಅಂತ ಒಂದಿನ ಕೇಳಿದ್ರೆ ಸಿಕ್ಕಿಬೀಳ್ತಿದ್ಲು. ಕೇಳ್ಲೇ ಇಲ್ಲ ನಾನು."

ಇಲ್ಲಿ ಯಾರು ಯಾರನ್ನು ಕಂಡರೂ ಮೊದಲ ಮಾತು ಅದೇ. ಬೀದಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಬಾಗಿಲಲ್ಲಿ ಊಟ ಆಯ್ತಾ ಎನ್ನುತ್ತೇವೆ, ಆಯ್ತು ಎನ್ನುತ್ತೇವೆ. ನಾನೂ ಅವಳನ್ನು ಹತ್ತಾರು ವರ್ಷ ಹಾಗೇ ಕೇಳಿಕೊಂಡು ಮೆಟ್ಟಿಲು ಹತ್ತಿದವನು.

ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅಮ್ಮ ಒರಳನ್ನು ತಿರುಗಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದರು. ಊರಿಗೆ ಹೋಗುವುದಿಲ್ಲ, ನಾಳೆ ಇಲ್ಲೇ ನೀಡುತ್ತೇನೆ ಎಂದರು. ಓಣಿಯ ಮುಂದೆ ದಿನಾ ಬೆಳಗ್ಗೆ ಪಕ್ಕದ ವಿಹಾರದ ಭಿಕ್ಷುಗಳು ಪಾತ್ರೆ ಹಿಡಿದು ಹೋಗುತ್ತಾರೆ. ಏನು ನೀಡುತ್ತೀರಿ ಎಂದು ಕೇಳಿದೆ.

"ಎಲ್ಲಾ," ಎಂದರು. "ಒಂದೊಂದು ಅಂಗಡೀದೂ ಒಂದೊಂದು ಪೊಟ್ಟಣ. ಇಪ್ಪತ್ತೆರಡು ವರ್ಷ ಎಲ್ಲಾ ಅವಳ ಮುಂದೆನೇ ಇತ್ತು, ಒಂದನ್ನೂ ನಂಗೆ ಇದು ಬೇಕು ಅನ್ಲಿಲ್ಲ. ಮುಂದೆ ಇಡ್ತೀನಿ. ಅವಳೇ ಆರಿಸ್ಕೊಳ್ಲಿ."

ಓಣಿಯವರು ಮಧ್ಯಾಹ್ನದ ಜನ. ಬೆಳಗಿನ ಐದಕ್ಕೆ ಒಲೆ ಹಚ್ಚಬೇಕೆಂದು ಹೇಳಲು ಅಮ್ಮನಿಗೆ ಸಂಕೋಚವಾಯಿತು. ಪ್ರಯೂನ್ ಅಕ್ಕ ಆ ಕೆಲಸ ತಾನು ವಹಿಸಿಕೊಂಡು ಅಂಗಡಿ ಅಂಗಡಿಗೂ ಹೋಗಿ, ಬರದವರ ಒಲೆಗೆ ನೀರು ಸುರಿಯುತ್ತೇನೆ ಎಂದು ಹೇಳಿ ಬಂದಳು.

ನೂರನೆಯ ದಿನ ಬೆಳಕು ಹರಿಯುವಾಗ ನಮ್ಮ ಓಣಿಯಲ್ಲಿ ಹನ್ನೊಂದು ಒಲೆ ಉರಿಯುತ್ತಿದ್ದವು. ಆ ಹೊತ್ತಿನಲ್ಲಿ ಅಂಥದನ್ನು ನಾನು ಅಲ್ಲಿ ಎಂದೂ ಕಂಡಿರಲಿಲ್ಲ. ಗಿರಾಕಿಗಳಿಲ್ಲ, ಕೂಗಾಟವಿಲ್ಲ. ಸಂಗುವಾನ್ ಮಾವ ಸಾರನ್ನು ಪೊಟ್ಟಣಕ್ಕೆ ಸುರಿದು ರಬ್ಬರ್ ಬ್ಯಾಂಡ್ ಸುತ್ತಿದವರು ಬಿಚ್ಚಿ, ಎರಡು ತುಂಡು ಲಿವರ್ ಹಾಕಿ ಮತ್ತೆ ಕಟ್ಟಿದರು. ಅವಳಿಗೆ ಹಲ್ಲಿತ್ತಲ್ಲ, ಎಂದರು. ಚೀನೀ ಅಜ್ಜಿ ನಾಲ್ಕು ಕಡುಬು ತಂದಿದ್ದಳು.

ಅಮ್ಮ ಮರದ ಕೆಳಗೆ ಒರಳ ಮುಂದೆ ನಿಂತರು. ಭಿಕ್ಷುಗಳಿಗೆ ಹಸಿಯದು ಸಲ್ಲದೆಂದು ಭರಣಿಯ ಮೀನಿನ ರಸವನ್ನು ಮೊದಲೇ ಕುದಿಸಿ ಆರಿಸಿದ್ದರು. ತುರಿದ ಪಪ್ಪಾಯಿ ಹಾಕಿದರು, ಕುಟ್ಟಿದರು. ಒನಕೆಯ ಸದ್ದು ಓಣಿಯಲ್ಲಿ ಹರಡಿದಾಗ ಎಲ್ಲರ ಕೈಯೂ ಒಂದು ಗಳಿಗೆ ನಿಂತಿತು. ಅದು ಅವಳ ಸದ್ದಲ್ಲ. ಇದು ನಿಧಾನ, ಮುದಿ ಕೈಯ ಸದ್ದು. ಅಮ್ಮ ರಸವನ್ನು ಅಂಗೈಗೆ ಹನಿಸಿ ನೆಕ್ಕಿದರು. ನಿಂಬೆಹೋಳು ಕೈಯಲ್ಲಿ ಹಿಡಿದುಕೊಂಡು ಇನ್ನೂ ಹಿಂಡಬೇಕೋ ಬೇಡವೋ ಎಂದು ಬಹಳ ಹೊತ್ತು ನಿಂತರು. ಹೇಳುವವರು ಯಾರೂ ಇರಲಿಲ್ಲ. ಕೊನೆಗೆ ಹೋಳನ್ನು ಪಕ್ಕಕ್ಕಿಟ್ಟರು.

ಐವರು ಭಿಕ್ಷುಗಳು ಬರಿಗಾಲಲ್ಲಿ ಬಂದರು. ಚಪ್ಪಲಿ ಬಿಟ್ಟು, ಮಂಡಿಯೂರಿ, ಅಮ್ಮ ಒಂದೊಂದೇ ಪೊಟ್ಟಣವನ್ನು ಹಣೆಗೆ ಮುಟ್ಟಿಸಿ ಪಾತ್ರೆಗಳಿಗೆ ಇಟ್ಟರು. ಪಾತ್ರೆಗಳು ತುಂಬಿ ಜೊತೆಯವರ ಚೀಲಗಳೂ ತುಂಬಿದವು. ಭಿಕ್ಷುಗಳು ಹರಸುವಾಗ ಅಮ್ಮ ಪುಟ್ಟ ತಂಬಿಗೆಯಿಂದ ಬಾದಾಮಿ ಮರದ ಬುಡಕ್ಕೆ ಸಣ್ಣ ಧಾರೆಯಾಗಿ ನೀರು ಬಿಟ್ಟರು. ಪುಣ್ಯ ಮುಟ್ಟಲಿ ಎಂದು ಸತ್ತವರ ಹೆಸರು ಹೇಳುವುದು ಆಗಲೇ. ಪಕ್ಕದಲ್ಲಿದ್ದ ನನಗೆ ಅವರ ಮಾತು ಕೇಳಿಸಿತು. ಸಾಯ್‌ರುಂಗ್, ಇದು ನೂಡಲ್ಸು, ಇದು ಕಡುಬು, ಇದು ಮಾವಿನಹಣ್ಣು ಎಂದು ಹೆಸರು ಹೇಳುತ್ತಿದ್ದರು. ತಂಬಿಗೆಯ ನೀರು ಮುಗಿದರೂ ಹೆಸರುಗಳು ಮುಗಿಯಲಿಲ್ಲ.

ಚಿಪ್ಪಿಮೀನಿನ ದೋಸೆಯವನು ನಿದ್ದೆಗಣ್ಣಲ್ಲಿ ಓಡಿಬಂದಾಗ ಭಿಕ್ಷುಗಳು ತಿರುವು ದಾಟಿದ್ದರು. ಪ್ರಯೂನ್ ಅಕ್ಕ ಬಾಯಿ ತೆರೆದಳು. ಅಮ್ಮ ಕೈ ಅಡ್ಡ ಹಿಡಿದು ಅವನ ತಟ್ಟೆ ತೆಗೆದುಕೊಂಡರು. ಬಾಳೆಲೆಯ ಮೇಲೆ ದೋಸೆ ಹಾಕಿ ಮರದ ಬುಡದಲ್ಲಿಟ್ಟರು. "ಕೂತ್ಕೊಂಡು ತಿನ್ನಲಿ ಬಿಡು," ಎಂದರು. "ಬಿಸಿಯಾಗಿದೆ."

ಅವತ್ತೇ ಅವರು ಊರಿಗೆ ಹೊರಟರು. ಭರಣಿಯಲ್ಲಿ ಉಳಿದದ್ದನ್ನು, ಆ ಜಾಗಕ್ಕೆ ಬರಲಿದ್ದ ನಮ್ಮ ಜಿಲ್ಲೆಯ ಹೆಂಗಸಿಗೆ ಕೊಡಲು ಹೇಳಿದರು. ಒರಳನ್ನೂ ಬಿಟ್ಟುಹೋದರು.

ತಿಂಗಳಾದ ಮೇಲೆ ಒಂದು ಸಂಜೆ ಫೋನ್ ಬಂತು. ನಾನು ಶಾಲೆಯಿಂದ ಬಂದು ಉತ್ತರಪತ್ರಿಕೆಗಳ ಮುಂದೆ ಕೂತಿದ್ದೆ. ಕನಸು ಬಿತ್ತೇ ಎಂದು ಕೇಳಿದೆ. ಇಲ್ಲ, ಆಮೇಲೆ ಒಂದು ಸಲವೂ ಬರಲಿಲ್ಲ ಎಂದರು. ಹೊಟ್ಟೆ ತುಂಬಿ ಬರಲಿಲ್ಲವೋ, ಬೇಕಾದದ್ದು ಸಿಗದೆ ಬರುವುದನ್ನೇ ಬಿಟ್ಟಳೋ, ಹೇಗೆ ತಿಳಿಯುವುದು ಎಂದರು. ಮಗ್ಗದ ಮುಂದೆ ಕೂತಿದ್ದರೆಂದು ಕಾಣುತ್ತದೆ, ಜೊಂಡು ಎಳೆಯುವ ಸದ್ದು ಕೇಳುತ್ತಿತ್ತು.

"ಊಟ ಆಯ್ತಾ?" ಎಂದರು.

"ಆಯ್ತಮ್ಮ," ಎಂದೆ.

ಜೊಂಡಿನ ಸದ್ದು ನಿಂತಿತು.

"ಏನು ಊಟ ಮಾಡ್ದೆ?"

ಕೆಳಗೆ ಬಾದಾಮಿ ಮರದಡಿ ಒನಕೆಯ ಸದ್ದು ಆಗಲೇ ಶುರುವಾಗಿತ್ತು. ಬೆಳಗ್ಗೆ ಒಂದು ಲೋಟ ಕಾಫಿ ಬಿಟ್ಟರೆ ನಾನು ಏನೂ ತಿಂದಿರಲಿಲ್ಲ. ಇಲ್ಲಮ್ಮ, ತಿಂದಿಲ್ಲ ಎಂದು ಹೇಳಿದೆ.

"ಹೋಗಿ ತಿಂದು ಬಾ," ಎಂದರು. "ನಾನು ಫೋನ್ ಇಡಲ್ಲ. ಕಾಯ್ತಿರ್ತೀನಿ."